ಹೆಣ್ಣು ಹುಟ್ಟದ ಊರಿನವರು

ಹೊನ್ನಕ್ಕನ ಕೋಲು ತಾಳ ತಪ್ಪಿ ಏಕನಾಥಮ್ಮನ ಬೆರಳಿಗೆ ಬಿತ್ತು. ಏಕನಾಥಮ್ಮ ಹಲ್ಲು ಕಚ್ಚಿಕೊಂಡಳೇ ಹೊರತು ಹಾಡು ನಿಲ್ಲಿಸಲಿಲ್ಲ. ಮುಂದೆ ಒಂಟೆಗಳ ಸಾಲು, ಹಿಂದೆ ಪಂಜಾಬಿನ ಡೋಲಿನವರು, ನಡುವೆ ಧರ್ಮಪುರ ಹೋಬಳಿಯ ಕೋಲಾಟದ ಹೆಂಗಸರು. ಬಿಕಾನೇರಿನ ಕೆಂಪು ಕಲ್ಲಿನ ಕೋಟೆಯ ಮುಂದಿನಿಂದ ಹೊರಟ ಉತ್ಸವದ ಮೆರವಣಿಗೆ ಕ್ರೀಡಾಂಗಣದ ಕಡೆಗೆ ನಿಧಾನಕ್ಕೆ ಸಾಗುತ್ತಿತ್ತು. ಒಂಟೆಗಳ ಮೈಮೇಲಿನ ಕೂದಲನ್ನು ಹೂವು ಬಳ್ಳಿ ಕಾಣುವಂತೆ ಕತ್ತರಿಸಿದ್ದರು. ಕಾಲಿಗೆ ಗೆಜ್ಜೆ, ಕತ್ತಿಗೆ ಬಣ್ಣಬಣ್ಣದ ಕುಚ್ಚು. ರಸ್ತೆಯ ಎರಡೂ ಬದಿಗೆ ಜನ ಕಿಕ್ಕಿರಿದಿದ್ದರು. ಮಹಡಿಗಳ ಮೇಲೂ ಜನ.

ಹೊನ್ನಕ್ಕ ಒಂಟೆಗಳನ್ನು ನೋಡುತ್ತಿರಲಿಲ್ಲ. ರಸ್ತೆ ಬದಿಯ ಹೆಂಗಸರ ಕೈಗಳನ್ನು ನೋಡುತ್ತಿದ್ದಳು. ಇಲ್ಲಿ ಎಷ್ಟೋ ಹೆಂಗಸರು ಸೆರಗನ್ನು ಎದೆಯವರೆಗೂ ಎಳೆದುಕೊಂಡಿದ್ದರು. ಕೆಂಪು, ಹಳದಿ, ಗುಲಾಬಿ ಸೆರಗುಗಳ ಹಿಂದೆ ಮುಖವೇ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಮಗುವನ್ನು ಹಿಡಿದ ಕೈ, ಮೊಬೈಲು ಎತ್ತಿ ಹಿಡಿದ ಕೈ, ಗಾಳಿಗೆ ಹಾರದಂತೆ ಸೆರಗಿನ ಅಂಚು ಹಿಡಿದ ಕೈ. ಅಷ್ಟು ಕೈಗಳಲ್ಲಿ ಬೆರಳಿನಿಂದ ಮಣಿಕಟ್ಟಿನವರೆಗೆ ಬೆಳ್ಳಗಾದ ಒಂದು ಬಲಗೈ ಎಲ್ಲಾದರೂ ಇದೆಯೇ ಎಂದು ಅವಳು ಹುಡುಕುತ್ತಿದ್ದಳು. ಇಲ್ಲದಿದ್ದರೆ ಏನು ಅರ್ಥ ಎಂದು ಯೋಚಿಸಿದಾಗಲೆಲ್ಲ ಮುಂದಿನ ಕೈಯ ಕಡೆಗೆ ಕಣ್ಣು ಹೊರಳಿಸುತ್ತಿದ್ದಳು.

ಆ ಕೈ ಅವಳ ತಂಗಿ ಯಶೋಧಾಳದು. ತಾಯಿ ತೀರಿಕೊಂಡಾಗ ಯಶೋಧಾ ಇನ್ನೂ ಲಂಗ ಹಾಕುವ ಹುಡುಗಿ. ಹೊನ್ನಕ್ಕ ತನ್ನ ಗಂಡನ ಮನೆಗೇ ಕರೆತಂದು ಮಗಳಂತೆ ಬೆಳೆಸಿದಳು. ಹೈಸ್ಕೂಲಿನಲ್ಲಿದ್ದಾಗ ಬೆರಳ ಸಂದಿಯಲ್ಲಿ ಒಂದು ಬಿಳಿ ಮಚ್ಚೆ ಎದ್ದಿತು, ಮೆಲ್ಲಗೆ ಮಣಿಕಟ್ಟಿಗೆ ಏರಿತು. ಹಿರಿಯೂರಿನ ಡಾಕ್ಟರು ಇದು ಯಾರಿಗೂ ಅಂಟುವುದಿಲ್ಲ, ಏನೂ ತೊಂದರೆಯಿಲ್ಲ ಎಂದರು. ಆದರೆ ಹೆಣ್ಣು ನೋಡಲು ಬಂದವರು ಕಾಫಿ ಲೋಟ ತೆಗೆದುಕೊಳ್ಳುವಾಗ ಆ ಕೈ ನೋಡಿ ಕಾಫಿ ಮುಗಿಸಿ ಎದ್ದು ಹೋಗುತ್ತಿದ್ದರು. ಹೀಗೇ ವರ್ಷಗಳು ಕಳೆದ ಮೇಲೆ ಆಂಧ್ರದ ಗಡಿಯಾಚೆಯ ಒಬ್ಬ ಹೆಂಗಸು ಈ ಸಂಬಂಧ ತಂದಳು. ಬಹಳ ದೂರದ ಊರು, ಇದೇ ಬಿಕಾನೇರು, ಆದರೆ ಅವರು ಏನೂ ಕೇಳಲಿಲ್ಲ. ಕೈಯನ್ನೂ ನೋಡಲಿಲ್ಲ. "ನಂಗೆ ಒಪ್ಗೆ ಐತೆ ಅಕ್ಕ. ಇಲ್ಲಿದ್ದು ಇನ್ನೆಷ್ಟು ಜನಕ್ಕೆ ಕಾಫಿ ಕೊಡ್ಲಿ" ಎಂದಿದ್ದಳು ಯಶೋಧಾ.

ಮೊದಮೊದಲು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಗಂಡು ಮಗುವಾಯಿತು, ಮಗು ನಡೆಯಿತು, ಎಲ್ಲ ಹೇಳುತ್ತಿದ್ದಳು. ಹೋದ ದೀಪಾವಳಿಗೂ ಹಿಂದಿನ ದೀಪಾವಳಿಯ ನಂತರ ಆ ನಂಬರು ಸತ್ತುಹೋಯಿತು. ಮತ್ತೆ ಒಂದು ಸುದ್ದಿಯೂ ಇಲ್ಲ. ಸಂಬಂಧ ತಂದ ಹೆಂಗಸೂ ಊರಿನಲ್ಲಿರಲಿಲ್ಲ. ಕೋಲಾಟದ ತಂಡಕ್ಕೆ ಬಿಕಾನೇರಿನ ಉತ್ಸವದಿಂದ ಕರೆ ಬಂದಾಗ ಉಳಿದವರೆಲ್ಲ ರೈಲು, ಒಂಟೆ, ಮರಳು ಎಂದು ಸಂಭ್ರಮಪಟ್ಟರೆ ಹೊನ್ನಕ್ಕ ಆ ದಿನ ಊಟ ಮಾಡಲಿಲ್ಲ. ಹಿರಿಯೂರು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಿದ್ದ ಗಂಡ ಮೂರ್ತಪ್ಪ ಬಸ್ಸಿನ ಕಿಟಕಿಯ ಹತ್ತಿರ ನಿಂತು, "ಹುಡುಕು, ಬ್ಯಾಡ ಅನ್ನಲ್ಲ. ಸಿಕ್ಕ ಮ್ಯಾಲೆ ಏನು ಮಾಡ್ತೀಯ ಅಂತ ಯೋಚ್ನೆ ಮಾಡಿದೀಯ?" ಎಂದು ಕೇಳಿದ್ದ. ಮೂರು ರೈಲು ಬದಲಿಸಿ ಬರುವಷ್ಟರಲ್ಲೂ ಉತ್ತರ ಹೊಳೆದಿರಲಿಲ್ಲ.

ಮೆರವಣಿಗೆ ಮುಗಿದು ಊಟದ ಮೇಲೆ ಬಿಡುವು ಸಿಕ್ಕಿತು. ತಂಡದಲ್ಲಿ ತಮಟೆ ಬಾರಿಸುವ ಓಬಳೇಶ್ ಮೊದಲು ಲಾರಿ ಓಡಿಸಿಕೊಂಡು ಉತ್ತರದ ಊರುಗಳನ್ನೆಲ್ಲ ಸುತ್ತಿದವನು. ಅವನಿಗೆ ಹಿಂದಿ ಬರುತ್ತಿತ್ತು. ಹೊನ್ನಕ್ಕ ರೈಲಿನಲ್ಲೇ ಅವನೊಬ್ಬನಿಗೆ ವಿಷಯ ಹೇಳಿದ್ದಳು.

"ಮೊದ್ಲು ಪೊಲೀಸ್ನೋರಿಗೆ ಒಂದು ಮಾತು ಹೇಳಾಣ ಅಕ್ಕ" ಎಂದ ಅವನು.

"ಏನಂತ ಹೇಳಾದು? ಮದ್ವೆ ಮಾಡಿಕೊಟ್ಟ ತಂಗಿ ಫೋನ್ ಎತ್ತಲ್ಲ ಅಂತಲಾ?"

ಅವನು ಚಪ್ಪಲಿ ಮೆಟ್ಟಿಕೊಂಡ.

ಯಶೋಧಾ ಫೋನಿನಲ್ಲಿ ಆಗಾಗ ಹೇಳಿದ್ದ ಗುರುತುಗಳೇ ಇವರಿಗೆ ದಾರಿ. ಕೋಟೆ ಗೇಟು ಎನ್ನುವ ದೊಡ್ಡ ಬಾಗಿಲು. ಅದನ್ನು ದಾಟಿದರೆ ಅಂಗಡಿ ಬೀದಿ. ಹಿಂದೆ ಮಹಡಿಗಳ ಮೇಲೆ ಹಪ್ಪಳ ಒಣಗಿಸುವ ಓಣಿ. ಮೂಲೆಯಲ್ಲಿ ಅವಳ ಗಂಡನ ರಜಾಯಿ ಅಂಗಡಿ, ಹತ್ತಿಯ ಹೊದಿಕೆಗಳದು. ಅಂಗಡಿ ಬೀದಿಯಲ್ಲಿ ಹೋಗುವಾಗ ಒಂದು ಮಂಡಿಯ ಮುಂದೆ ಶೇಂಗಾ ಮೂಟೆಗಳನ್ನು ಒಟ್ಟಿದ್ದರು. ಹೊನ್ನಕ್ಕ ತನಗೆ ಗೊತ್ತಿಲ್ಲದಂತೆಯೇ ಒಂದು ಕಾಯಿ ಹೆಕ್ಕಿ ಒಡೆದಳು. ಊರಿನ ಕಣದಲ್ಲಿ ಬರುವ ಅದೇ ವಾಸನೆ. ಕಾಳನ್ನು ಬಾಯಿಗೆ ಹಾಕಿಕೊಂಡು ಮುಂದೆ ನಡೆದಳು.

ಓಣಿ ಸಿಕ್ಕಿತು. ರಜಾಯಿ ಅಂಗಡಿ ಕಾಣಲಿಲ್ಲ. ಜಗಲಿಯ ಮೇಲೆ ಬಿಸಿಲು ಕಾಯುತ್ತ ಕುಳಿತಿದ್ದ ಮುದುಕನೊಬ್ಬನನ್ನು ಓಬಳೇಶ್ ವಿಚಾರಿಸಿದ. ಕರ್ನಾಟಕದಿಂದ ಬಂದ ಸೊಸೆ, ಮದುವೆಯಾಗಿ ಆರೇಳು ವರ್ಷವಾಗಿರಬಹುದು. ಮುದುಕ ಕೈಯನ್ನು ಕಿವಿಗಿಟ್ಟು ಕೇಳಿಸಿಕೊಂಡು ಏನೋ ಹೇಳಿದ. ಓಬಳೇಶ್ ಮತ್ತೆ ಕೇಳಿದ. ಮುದುಕ ಮತ್ತೆ ಅದನ್ನೇ ಹೇಳಿದ.

"ಏನಂತೆ?"

ಓಬಳೇಶ್ ಇವಳ ಕಡೆ ತಿರುಗಿ ಹೇಳಿದ. "ಮದ್ರಾಸಿ ಸೊಸೆನಾ ಅಂತ ಕೇಳ್ತಾನೆ. ನಮ್ಮ ಕಡೆಯೋರನ್ನೆಲ್ಲ ಇವ್ರು ಮದ್ರಾಸಿ ಅಂತಾರೆ."

"ಹೂಂ ಅನ್ನು. ಎಲ್ಲಿ ಅವ್ಳು?"

"ಈ ಓಣಿಯಾಗೆ ಮೂರು ಮಂದಿ ಮದ್ರಾಸಿ ಸೊಸೇರು ಅವ್ರಂತೆ. ಯಾರು ಬೇಕು ಅಂತಾನೆ."

ತನ್ನ ತಂಗಿಗೆ ಮಾತ್ರ, ಕೈಯಲ್ಲಿ ಮಚ್ಚೆಯಿದ್ದ ಒಬ್ಬಳಿಗೆ ಮಾತ್ರ ಈ ದೂರದ ಋಣ ಇತ್ತು ಎಂದು ಹೊನ್ನಕ್ಕ ಇಷ್ಟು ವರ್ಷ ತಿಳಿದಿದ್ದಳು. ತನ್ನ ಬಲಗೈಯನ್ನು ಮುದುಕನ ಮುಂದೆ ಚಾಚಿ, ಎಡಗೈಯಿಂದ ಬೆರಳುಗಳನ್ನು ಸವರಿ ತೋರಿಸಿದಳು. ಅವನಿಗೆ ಅರ್ಥವಾಗಲಿಲ್ಲ. ಹತ್ತಿರದ ನೀಲಿ ಬಾಗಿಲಿನ ಕಡೆ ಬೆರಳು ಮಾಡಿದ.

ನೀಲಿ ಬಾಗಿಲಿನ ಮೆಟ್ಟಿಲ ಮೇಲೆ ಒಬ್ಬಳು ಮೆಂತ್ಯ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ಮುಖ ಸೆರಗಿನಲ್ಲಿತ್ತು. ಕೈಗಳು ಎಳೆಯವು, ಕಪ್ಪಗಿದ್ದವು, ಮಚ್ಚೆ ಇರಲಿಲ್ಲ. ಹೊನ್ನಕ್ಕ ಮುಂದೆ ಹೋಗಬಹುದಿತ್ತು. ಆದರೂ ನಿಂತು, "ಯಾವೂರಮ್ಮ ನಿಂದು?" ಎಂದಳು. ಸೊಪ್ಪು ಬಿಡಿಸುವ ಬೆರಳುಗಳು ನಿಲ್ಲಲಿಲ್ಲ. ಧರ್ಮಪುರದ ಸಂತೆಗೆ ಬರುವವರಲ್ಲಿ ಅರ್ಧ ಜನ ಆಂಧ್ರದವರೇ, ಹೊನ್ನಕ್ಕನಿಗೆ ತೆಲುಗು ಬಾಯಿಗೆ ಬರುತ್ತಿತ್ತು. "ಏ ಊರಮ್ಮಾ ನೀದಿ?" ಎಂದು ಕೇಳಿದಳು.

ಬೆರಳುಗಳು ನಿಂತವು. ಒಂದು ಎಲೆ ಕೈಯಲ್ಲೇ ಉಳಿಯಿತು. ಸೆರಗಿನ ಹಿಂದೆ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಅಷ್ಟೇ. ಮಾತು ಬರಲಿಲ್ಲ. ಒಳಗಿಂದ ಯಾರೋ ಗಂಡಸು ಕೆಮ್ಮಿದ. ಹುಡುಗಿ ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬಾಗಿಲ ಚಿಲಕ ಬಿತ್ತು.

"ಬಾ ಅಕ್ಕ, ಹೋಗಾಣ. ಇಲ್ಲಿ ನಿಲ್ಲಾದು ಬ್ಯಾಡ" ಎಂದ ಓಬಳೇಶ್. ಅವನ ದನಿಯೂ ಇಳಿದಿತ್ತು.

ಓಣಿಯ ಕೊನೆಯ ಮನೆಯ ಬಾಗಿಲು ತೆರೆದೇ ಇತ್ತು. ಅಂಗಳದಲ್ಲಿ ಹತ್ತಿ ತುಂಬಿದ ರಜಾಯಿಗಳನ್ನು ಬಿಸಿಲಿಗೆ ಹರಡಿದ್ದರು. ಎತ್ತರದ ನಿಲುವಿನ, ಕಾಲಿಗೆ ದಪ್ಪನೆಯ ಬೆಳ್ಳಿ ಕಡಗ ಹಾಕಿದ್ದ ವಯಸ್ಸಾದ ಹೆಂಗಸೊಬ್ಬಳು ಹೊರಗೆ ಬಂದಳು. ಓಬಳೇಶ್ ಇನ್ನೂ ಪೂರ್ತಿ ಹೇಳುವ ಮೊದಲೇ, ಯಶೋಧಾಳ ಅಕ್ಕ ಎಂಬುದೊಂದು ಕೇಳಿಸಿದ್ದೇ ತಡ, ಅವಳ ಮುಖ ಅರಳಿತು. ಹೊನ್ನಕ್ಕನ ಎರಡೂ ಕೈ ಹಿಡಿದುಕೊಂಡು ಒಳಗೆ ಎಳೆದಳು. ಮಂಚದ ಮೇಲೆ ಕೂರಿಸಿದಳು. ಒಳಗೆ ತಿರುಗಿ ಕೂಗಿದಳು.

ಗುಲಾಬಿ ಸೆರಗಿನ ಹೆಂಗಸು ನೀರಿನ ಲೋಟ ಹಿಡಿದು ಬಂದಳು. ಹೊನ್ನಕ್ಕ ಲೋಟ ನೋಡಲಿಲ್ಲ. ಲೋಟ ಹಿಡಿದ ಕೈ ನೋಡಿದಳು. ಬಿಳುಪು ಈಗ ಮೊಣಕೈಯವರೆಗೂ ಹೋಗಿತ್ತು. ಹೊನ್ನಕ್ಕ ಎದ್ದು ನಿಂತಳು, ಆದರೆ ಆ ಹೆಂಗಸು ಅವಳನ್ನು ತಬ್ಬಿಕೊಳ್ಳಲಿಲ್ಲ. ಬಗ್ಗಿ ಕಾಲು ಮುಟ್ಟಿದಳು, ಕೆಳಗೆ ಚಾಪೆಯ ಮೇಲೆ ಕುಳಿತಳು. ಅತ್ತೆಯ ಎದುರು ಸೆರಗು ತೆಗೆಯುವಂತಿರಲಿಲ್ಲವೋ ಏನೋ. ನಗುನಗುತ್ತಾ ಮಾತಾಡುವವರ ದನಿಯಲ್ಲಿ ಕನ್ನಡದಲ್ಲಿ ಹೇಳಿದಳು.

"ಅಳಬ್ಯಾಡ ಅಕ್ಕ. ನಗ್ತಾ ಕೇಳು. ಬಿಂದು ಹೆಸ್ರು ಎತ್ತಬ್ಯಾಡ."

ಬಿಂದು ಹೊನ್ನಕ್ಕನ ಮಗಳು. ಹಿರಿಯೂರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಚಿಕ್ಕಮ್ಮನಿಗೆ ತೋರಿಸಬೇಕೆಂದು ಅವಳ ಫೋಟೋಗಳನ್ನೆಲ್ಲ ಹೊನ್ನಕ್ಕ ಮೊಬೈಲಿನಲ್ಲಿ ಇಟ್ಟುಕೊಂಡಿದ್ದಳು. ಕೈ ಆಗಲೇ ಸೊಂಟದ ಚೀಲದೊಳಗಿತ್ತು. ಅದು ಅಲ್ಲೇ ನಿಂತಿತು.

"ಯಾಕೆ?" ಎಂದಳು. ನಗಲು ಬರಲಿಲ್ಲ. ಅತ್ತೆ ಇಬ್ಬರ ಮುಖವನ್ನೂ ಸಂತೋಷದಿಂದ ನೋಡುತ್ತಿದ್ದಳು.

"ಹಿಂದೆ ಕುಂತವ್ನಲ್ಲ, ನನ್ನ ಮೈದ್ನ. ಅವ್ನಿಗೆ ಹೆಣ್ಣು ಹುಡುಕ್ತಾ ಅವ್ರೆ. ನಿಮ್ಮ ಕಡೆ ಹುಡ್ಗೀರು ಯಾರವ್ರೆ ಅಂತ ದಿನಾ ಕೇಳೋರು. ನೀನು ಫೋನಿನಾಗೆ ಬಿಂದು ಬಿಂದು ಅಂತಿದ್ದೆ. ಪಕ್ಕದಾಗೆ ಕುಂತು ಬಿಂದು ಅಂದ್ರೆ ಯಾರು ಅಂತ ಕೇಳಿದ. ಹಣೆ ಮ್ಯಾಲೆ ಬೊಟ್ಟಿರೋ ಹಸ, ಅದ್ರ ಹೆಸ್ರು ಅಂದೆ." ಯಶೋಧಾ ನಿಜಕ್ಕೂ ಸ್ವಲ್ಪ ನಕ್ಕಳು. "ಎಷ್ಟು ದಿನ ಹಸ ಅನ್ನಾದು. ಆವತ್ತೇ ಫೋನ್ ತಗೊಂಡು ಹೋಗಿ ನೀರಿನ ತೊಟ್ಟಿಗೆ ಹಾಕ್ದೆ. ನಂಬ್ರೂ ಹೋಯ್ತು, ನಂಗೆ ಬಾಯಾಗೆ ಬರಲ್ಲ ಅಂದೆ."

ಹೊನ್ನಕ್ಕ ಹಿಂತಿರುಗಿ ನೋಡಿದಳು. ಗೋಡೆಗೆ ಒರಗಿ ಕುಳಿತಿದ್ದವನಿಗೆ ಮೂವತ್ತೈದು ದಾಟಿರಬಹುದು. ನೆತ್ತಿಯ ಕೂದಲು ತೆಳ್ಳಗಾಗಿತ್ತು. ಅವಳು ನೋಡಿದ ಕೂಡಲೇ ನಾಚಿಕೊಂಡು ತಲೆ ತಗ್ಗಿಸಿ ನಮಸ್ಕಾರ ಮಾಡಿದ. ತಟ್ಟೆಯ ತುಂಬ ಬಿಸಿ ಕಚೋರಿ ತಂದು ಅವಳ ಪಕ್ಕದಲ್ಲಿಟ್ಟ. ಅವನು ಒರಟನಾಗಿದ್ದರೆ, ಕುಡುಕನಾಗಿದ್ದರೆ ಅವಳಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಹೀಗೇ ತಲೆ ತಗ್ಗಿಸಿ ಇವನು ತನ್ನ ಮನೆಯ ಬಾಗಿಲಿಗೆ ಬಂದು ಕೂತರೆ ಮೂರ್ತಪ್ಪ ಕಾಫಿ ಕೊಡಿಸುತ್ತಾನೆ. ಊರವರು ಒಳ್ಳೆಯ ಹುಡುಗ ಎನ್ನುತ್ತಾರೆ.

ಅತ್ತೆ ಏನೋ ಕೇಳಿದಳು. ಓಬಳೇಶ್ ಹೊನ್ನಕ್ಕನ ಕಡೆ ತಿರುಗಿದ. ಯಶೋಧಾಳ ಮಾತುಗಳನ್ನೆಲ್ಲ ಕೇಳಿಸಿಕೊಂಡಿದ್ದ ಅವನ ಹಣೆಯಲ್ಲಿ ಆ ಚಳಿಯಲ್ಲೂ ಬೆವರು ಕಾಣುತ್ತಿತ್ತು.

"ನಿಂಗೆ ಮಕ್ಕಳೆಷ್ಟು ಅಂತ ಕೇಳ್ತಾಳೆ."

ಅಂಗಳದಲ್ಲಿ ಒಂದು ಪಾರಿವಾಳ ರಜಾಯಿಯ ಮೇಲೆ ಇಳಿದು ಹತ್ತಿ ಕುಕ್ಕುತ್ತಿತ್ತು. ಹೊನ್ನಕ್ಕ ಅದನ್ನೇ ನೋಡುತ್ತ ಹೇಳಿದಳು. "ಇಲ್ಲ ಅನ್ನು. ನಂಗೆ ಮಕ್ಕಳಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಬಾಯಲ್ಲಿ ಆಡಬಾರದ ಮಾತು. ಬಿಂದು ಹುಟ್ಟುವ ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ. ಎಷ್ಟು ದೇವರಿಗೆ ಕಾಯಿ ಕಟ್ಟಿದ್ದಳು. ಓಬಳೇಶ್ ಅದನ್ನು ಹಿಂದಿಯಲ್ಲಿ ಹೇಳುತ್ತಿದ್ದಂತೆ ಅತ್ತೆಯ ಮುಖ ಸಪ್ಪಗಾಯಿತು. ಎದ್ದು ಬಂದು ಹೊನ್ನಕ್ಕನ ತಲೆಯ ಮೇಲೆ ಅಂಗೈ ಇಟ್ಟಳು. ಕಣ್ಣು ಮುಚ್ಚಿ ತನ್ನ ದೇವಿಯ ಹೆಸರು ಹೇಳಿ ಬೇಡಿಕೊಂಡಳು. ಒಳಗೆ ಹೋಗಿ ಕುಂಕುಮ ತಂದು ಹಚ್ಚಿದಳು. ಇನ್ನೂ ವಯಸ್ಸಿದೆ, ಹೆದರಬೇಡ, ತಾಯಿ ಕೊಡುತ್ತಾಳೆ ಎಂದಳಂತೆ. ಆ ಅಂಗೈ ಬೆಚ್ಚಗಿತ್ತು. ಇನ್ನೊಂದು ಕೈಯಿಂದ ಬೆನ್ನು ಸವರಿದಳು.

"ನೀನು ಹೆಂಗಿದೀಯ?" ಹೊನ್ನಕ್ಕ ತಂಗಿಯನ್ನು ಕೇಳಿದಳು. "ನಿನ್ನನ್ನ ಹೆಂಗೆ ಇಟ್ಕಂಡವ್ರೆ? ನನ್ ಜೊತೆ ಬಂದ್ಬಿಡು. ನಾಡಿದ್ದು ರೈಲು ಐತೆ."

ಯಶೋಧಾ ಚಹಾ ಸೋಸುತ್ತಿದ್ದಳು. "ಹೊಡೆಯಲ್ಲ. ಹೊಟ್ಟೆ ತುಂಬ ಊಟ ಐತೆ. ಅಂಗಡಿ ಮುಚ್ಚಿದ ಮ್ಯಾಲೆ ಇವ್ರಪ್ಪ ಊರೂರಿಗೆ ರಜಾಯಿ ಮಾರಾಕೆ ಹೋಗ್ತಾರೆ, ಈ ವಾರ ಮನೆಯಾಗಿಲ್ಲ. ಈ ಕೈ ಬಗ್ಗೆ ಒಂದು ದಿನ ಒಬ್ರೂ ಏನೂ ಅಂದಿಲ್ಲ, ಸುಳ್ಳು ಯಾಕೆ ಹೇಳ್ಲಿ." ಲೋಟಗಳನ್ನು ಸಾಲಾಗಿ ಇಟ್ಟಳು. "ಮೊದ್ಲ ವರ್ಷ ಹೊರಗಿಂದ ಬೀಗ ಹಾಕ್ಕಂಡು ಹೋಗ್ತಿದ್ರು. ಮಗ ಹುಟ್ಟಿದ ಮ್ಯಾಲೆ ಬೀಗ ಹಾಕಲ್ಲ."

"ಬರಲ್ವಾ?"

"ಅವ್ನು ಇಸ್ಕೂಲಿಗೆ ಹೋಗವ್ನೆ. ಬಂದ ಕೂಡ್ಲೆ ಅವ್ವಾ ಅಂತಾನೆ, ಅದೊಂದು ಕನ್ನಡ ಕಲ್ಸಿದೀನಿ." ಅವಳ ದನಿಯಲ್ಲಿ ನಗು ಒಂದು ಕ್ಷಣ ತಪ್ಪಿ ಮತ್ತೆ ಬಂತು. "ಮೈದ್ನ ಕೆಟ್ಟೋನಲ್ಲ ಅಕ್ಕ. ನನ್ ಮಗನ್ನ ಹೆಗಲಿಂದ ಇಳಿಸಲ್ಲ. ಆದ್ರೂ ಬ್ಯಾಡ. ನೀಲಿ ಬಾಗಿಲ ಮನೆ ಹುಡ್ಗಿ ನೋಡಿದ್ಯಾ ಬರ್ವಾಗ? ಬಿಂದು ವಯಸ್ಸೇ. ಬಂದಾಗ ದಿನಾ ಅಳ್ತಿತ್ತು, ಜಗಳಾಡ್ತಿತ್ತು. ಈಗ ಮಾತೇ ಬಿಟ್ಟೈತೆ. ಯಾರ ಜೊತೇನೂ ಆಡಲ್ಲ."

ಹೊನ್ನಕ್ಕ ಚಹಾ ಲೋಟ ತೆಗೆದುಕೊಂಡಳು. ಕುಡಿಯದೆ ಮತ್ತೆ ಕೆಳಗಿಟ್ಟಳು.

ಹೊರಡುವಾಗ ಮೈದುನ ಎದ್ದು ಬಂದು ಮೆಲ್ಲಗೆ ಕೈ ಚಾಚಿದ. ಇವಳ ಮೊಬೈಲು ಕೊಟ್ಟರೆ ತಾನೇ ಮನೆಯ ನಂಬರು ಹಾಕಿಕೊಡುತ್ತೇನೆ, ಇನ್ನು ಮೇಲೆ ಅಕ್ಕತಂಗಿ ದಿನಾ ಮಾತಾಡಬಹುದು ಎಂದ. ಹೊನ್ನಕ್ಕನ ಮೊಬೈಲು ತೆರೆದರೆ ಮೊದಲು ಕಾಣುವುದೇ ಕಾಲೇಜಿನ ಯೂನಿಫಾರ್ಮಿನಲ್ಲಿರುವ ಬಿಂದು. ಅವಳು ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಅವನು ಕೈ ಚಾಚಿಕೊಂಡೇ ಇದ್ದ, ಯಾಕೆ ತಡ ಎಂದು ತಿಳಿಯದೆ.

"ಅಕ್ಕನ್ ಫೋನು ರೈಲಿನಾಗೇ ಕಳುವಾಯ್ತು" ಎಂದು ಓಬಳೇಶ್ ಹಿಂದಿಯಲ್ಲಿ ಹೇಳಿ, ಆಮೇಲೆ ಹೊನ್ನಕ್ಕನಿಗೆ ಕನ್ನಡದಲ್ಲೂ ಹೇಳಿದ. ಒಂದು ನಂಬರನ್ನೂ ಕೊಟ್ಟ. ಅದು ಯಾರದ್ದೆಂದು ಹೊನ್ನಕ್ಕ ಕೇಳಲಿಲ್ಲ. ಊರಿನ ಹೆಸರು ಕೇಳಿದ್ದಕ್ಕೆ ಕರ್ನಾಟಕ ಎಂದಷ್ಟೇ ಹೇಳಿ, ತಡವಾಯಿತು, ಮೇಳದವರು ಕಾಯುತ್ತಾರೆ ಎಂದ. ಅತ್ತೆ ಬಾಗಿಲವರೆಗೆ ಬಂದಳು. ನಾಳೆ ಕ್ರೀಡಾಂಗಣಕ್ಕೆ ಮನೆಮಂದಿಯೆಲ್ಲ ಬಂದು ನಿಮ್ಮ ಆಟ ನೋಡುತ್ತೇವೆ ಎಂದಳು. ನಿಮ್ಮ ಕಡೆಯ ಹೆಂಗಸರನ್ನೆಲ್ಲ ಕಾಣಬೇಕು, ಮಾತಾಡಬೇಕು ಎಂದಳು.

ಓಣಿ ದಾಟಿ ದೊಡ್ಡ ಬೀದಿಗೆ ಬಂದ ಮೇಲೂ ಇಬ್ಬರೂ ಜೋರಾಗಿ ನಡೆಯುತ್ತಲೇ ಇದ್ದರು. ಹಿಂದೆ ಯಾರೋ ಬರುತ್ತಿದ್ದಾರೆ ಎನಿಸಿ ಹೊನ್ನಕ್ಕ ಮತ್ತೆಮತ್ತೆ ತಿರುಗಿ ನೋಡಿದಳು. ಉತ್ಸವಕ್ಕೆ ಬಂದ ಜನ, ಬಲೂನು ಮಾರುವವರು, ಪೇಟ ಸುತ್ತಿಕೊಂಡ ವಿದೇಶಿಯರು. ಯಾರೂ ಇವರನ್ನು ನೋಡುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಇಳಿದುಕೊಂಡಿದ್ದ ಶಾಲೆಯ ಕೋಣೆಯಲ್ಲಿ ಹೆಂಗಸರು ಸೀರೆ ನೆರಿಗೆ ಹಿಡಿಯುತ್ತಿದ್ದಾಗ ಹೊನ್ನಕ್ಕ ಎಲ್ಲವನ್ನೂ ಹೇಳಿದಳು. ಹೇಳದೆ ದಾರಿಯಿರಲಿಲ್ಲ. ಏಕನಾಥಮ್ಮನಿಗೆ ಬಿಂದು ಅಂದರೆ ಜೀವ. ಅವಳ ಬಾಯಿ ಒಂದು ಕಡೆ ನಿಲ್ಲುವಂಥದಲ್ಲ.

"ಆ ಅಮ್ಮ ಬಂದು ಏನು ಕೇಳಿದ್ರೂ ನಂಗೆ ಮಗಳು ಐತೆ ಅಂತ ಯಾರೂ ಹೇಳಬ್ಯಾಡ್ರಿ" ಎಂದಳು.

ಏಕನಾಥಮ್ಮ ಊದಿದ ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿಕೊಂಡಳು. ಅವಳಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳಿಗೆ ಗಂಡು ಹುಡುಕಲು ಶುರುಮಾಡಿ ವರ್ಷವಾಗಿತ್ತು. ಹೋದ ಸಂಕ್ರಾಂತಿಗೆ ಆಂಧ್ರದ ಅಮರಾಪುರದ ಕಡೆಯ ಯಾರೋ ಒಬ್ಬ ಹೆಂಗಸು ಮನೆಗೆ ಬಂದು, ದೂರದೂರಿನ ಹುಡುಗ, ಏನೂ ಕೇಳೋರಲ್ಲ ಎಂದು ಹೇಳಿಹೋಗಿದ್ದನ್ನು ಅವಳು ಆಗ ಮೊದಲ ಸಲ ಬಾಯಿಬಿಟ್ಟಳು. ಯೋಚಿಸಿ ಹೇಳುತ್ತೇವೆ ಎಂದು ಕಳಿಸಿದ್ದಳಂತೆ. "ನಾವು ಊರಿಗೆ ಹೋಗೋದ್ರಾಗೆ ಮತ್ತೆ ಬಂದಿರ್ತಾಳೋ ಏನೋ" ಎಂದಳು. ಯಾರ ಕೈಯೂ ಓಡಲಿಲ್ಲ. ನೆರಿಗೆಗಳು ಹಿಡಿದಲ್ಲೇ ಇದ್ದವು.

ಅವರ ಸರದಿ ಬಂದಾಗ ಹೊತ್ತು ಇಳಿಯುತ್ತಿತ್ತು. ಕ್ರೀಡಾಂಗಣದ ಮರಳಿನಲ್ಲಿ ಒಂಟೆಗಳ ಕುಣಿತ ಆಗಷ್ಟೇ ಮುಗಿದು ಧೂಳು ಇನ್ನೂ ಗಾಳಿಯಲ್ಲಿತ್ತು. ಓಬಳೇಶನ ತಮಟೆ ಎದ್ದಿತು. ಹೆಂಗಸರು ಸುತ್ತು ಕಟ್ಟಿದರು. ಎರಡನೆಯ ಸುತ್ತಿಗೆ ಹೊನ್ನಕ್ಕ ಅವರನ್ನು ಕಂಡಳು. ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಮೈದುನನ ಹೆಗಲ ಮೇಲೆ ಕೆಂಪು ಟೋಪಿಯ ಹುಡುಗ ತಾಳಕ್ಕೆ ಚಪ್ಪಾಳೆ ತಟ್ಟುತ್ತಿದ್ದ. ಮೂಗು ಯಶೋಧಾಳದೇ. ಅವನನ್ನು ನೋಡಬೇಕು, ಕಣ್ತುಂಬ ನೋಡಬೇಕು ಎನಿಸಿದರೂ ಅವನನ್ನು ಹೊತ್ತವನ ಮುಖ ಅಡ್ಡ ಬರುತ್ತಿತ್ತು. ಅವನು ಒಬ್ಬೊಬ್ಬರನ್ನೇ ನೋಡುತ್ತ, ಪ್ರತಿಯೊಬ್ಬರಿಗೂ ಒಂದು ಸಣ್ಣ ನಗೆ ನಗುತ್ತಿದ್ದ. ಈ ಸಲ ಹೊನ್ನಕ್ಕನ ಕೋಲು ಎಲ್ಲೂ ತಪ್ಪಲಿಲ್ಲ. ತಪ್ಪಿದರೆ ಏನೋ ಆಗಿಬಿಡುತ್ತದೆ ಎನ್ನುವಂತೆ ಬಿಗಿಯಾಗಿ ಆಡಿದಳು.

ಆಟ ಮುಗಿದು ಹೆಂಗಸರು ಶಾಮಿಯಾನದ ಹಿಂದೆ ನೀರು ಕುಡಿಯುತ್ತಿದ್ದಾಗ ಅತ್ತೆ ಬಂದೇ ಬಂದಳು. ಹಿಂದೆ ಯಶೋಧಾ, ಅವಳ ಹಿಂದೆ ಮೈದುನ. ಅತ್ತೆ ಮಿಠಾಯಿಯ ಡಬ್ಬ ತಂದಿದ್ದಳು. ಎಲ್ಲರ ಕೈಗೂ ಒಂದೊಂದು ಇಟ್ಟಳು. ಬಹಳ ಚೆನ್ನಾಗಿತ್ತು ಎಂದು ಕೈ ಸನ್ನೆಯಲ್ಲಿ ಹೇಳಿದಳು. ಆಮೇಲೆ ಏಕನಾಥಮ್ಮನ ಮುಂದೆ ನಿಂತು ಅವಳ ಗಲ್ಲ ಮುಟ್ಟಿ, ಸೊಂಟದೆತ್ತರಕ್ಕೆ ಕೈ ಹಿಡಿದು, ಭುಜದೆತ್ತರಕ್ಕೆ ಹಿಡಿದು ಕೇಳಿದಳು. "ಬೇಟಿ?"

ಮಗಳಿದ್ದಾಳೆಯೇ ಎಂಬ ಆ ಒಂದು ಮಾತು ಎಲ್ಲರಿಗೂ ಅರ್ಥವಾಯಿತು.

ಏಕನಾಥಮ್ಮನ ಬಾಯಲ್ಲಿ ಮಿಠಾಯಿ ಇತ್ತು. ಅದನ್ನು ನುಂಗಿದಳು. ತಲೆ ಅಡ್ಡಡ್ಡ ಆಡಿಸಿದಳು.

ಅತ್ತೆ ಪಕ್ಕದವಳ ಬಳಿ ಹೋದಳು. "ಬೇಟಿ?" ಪಕ್ಕದವಳ ಮಗಳು ಯಲ್ಲದಕೆರೆಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುತ್ತಿದ್ದಳು. ಅವಳೂ ಇಲ್ಲ ಎಂದಳು. ಮುಂದಿನವಳು ನೆಲ ನೋಡುತ್ತ ಇಲ್ಲ ಎಂದಳು. ಅದರ ಮುಂದಿನವಳು ಬಸುರಿ ಮಗಳನ್ನು ಮನೆಯಲ್ಲಿ ಬಿಟ್ಟು ಬಂದವಳು, ಅತ್ತೆ ಇನ್ನೂ ಹತ್ತಿರ ಬರುವ ಮೊದಲೇ ತಲೆ ಆಡಿಸತೊಡಗಿದಳು. ಅತ್ತೆ ಸಾಲಿನ ಕೊನೆಯವರೆಗೂ ಹೋದಳು. ಯಾರ ಮನೆಯಲ್ಲೂ ಒಂದು ಹೆಣ್ಣಿಲ್ಲ. ಅವಳು ಹಿಂದೆ ತಿರುಗಿ ಓಬಳೇಶನಿಗೆ ಏನೋ ಹೇಳಿ ನಕ್ಕಳು, ಆದರೆ ಅವಳ ಕಣ್ಣಿನಲ್ಲಿ ಗೊಂದಲವಿತ್ತು.

"ನಿಮ್ಮೂರಾಗೆ ಹೆಣ್ಣು ಹುಟ್ಟೋದೇ ಇಲ್ವಾ ಅಂತ ಕೇಳ್ತಾಳೆ" ಎಂದ ಓಬಳೇಶ್, ಯಾರ ಮುಖವನ್ನೂ ನೋಡದೆ.

ಮೈದುನ ಹೆಗಲ ಮೇಲಿನ ಹುಡುಗನ ಟೋಪಿ ಸರಿಮಾಡಿದ. ಅವನಿಗೆ ಅರ್ಥವಾಗಿತ್ತೋ ಏನೋ. ಅವನ ಮುಖದ ಸಣ್ಣ ನಗೆ ಮೆಲ್ಲಗೆ ಆರಿಹೋಯಿತು. ಹೊನ್ನಕ್ಕನಿಗೆ ಆ ಕ್ಷಣ ಅವನನ್ನು ನೋಡಲಾಗಲಿಲ್ಲ.

ಯಶೋಧಾ ಮುಂದೆ ಬಂದು ಮತ್ತೆ ಅಕ್ಕನ ಕಾಲು ಮುಟ್ಟಿದಳು. ಬಗ್ಗಿದಾಗ ಸೆರಗು ಸ್ವಲ್ಪ ಜಾರಿ, ಎರಡು ದಿನದಲ್ಲಿ ಮೊದಲ ಸಲ ಹೊನ್ನಕ್ಕ ಅವಳ ಮುಖ ಕಂಡಳು. ಕೆನ್ನೆ ಇಳಿದಿತ್ತು. ಹಣೆಯ ಮೇಲೂ ಒಂದು ಬಿಳಿ ಮಚ್ಚೆ ಬಂದಿತ್ತು. "ಹೋಗ್ಬಾ ಅಕ್ಕ. ನನ್ ಸಂಬಂಧ ತಂದ ಆ ಹೆಂಗ್ಸು ಬಂದ್ರೆ ಬಾಗ್ಲು ತೆಗೀಬ್ಯಾಡ್ರಿ" ಎಂದಳು, ಅದೇ ನಗುವ ದನಿಯಲ್ಲಿ. ಹುಡುಗನ ಕಾಲು ಹಿಡಿದು, "ಇವ್ರು ದೊಡ್ಡವ್ವ" ಎಂದು ತೋರಿಸಿದಳು. ಅವನು ಅರ್ಥವಾಗದೆ ಚಿಕ್ಕಪ್ಪನ ತಲೆಯ ಹಿಂದೆ ಮುಖ ಮುಚ್ಚಿಕೊಂಡ. ಅವರು ಹೊರಟರು. ಗುಲಾಬಿ ಸೆರಗು ಬೇರೆ ಸೆರಗುಗಳ ನಡುವೆ ಹೋಯಿತು. ಆಮೇಲೆ ಯಾವುದು ಅವಳದೆಂದು ಹೇಳಲಾಗಲಿಲ್ಲ.

ಶಾಲೆಗೆ ಕರೆದೊಯ್ಯುವ ಬಸ್ಸು ಕ್ರೀಡಾಂಗಣದ ಹಿಂದೆ ನಿಂತಿತ್ತು. ಹೆಂಗಸರು ಒಬ್ಬೊಬ್ಬರೇ ಹತ್ತಿ, ಬಣ್ಣವೂ ತೊಳೆಯದೆ, ಕಿಟಕಿಯ ಗಾಜು ಎಳೆದುಕೊಂಡು ಕುಳಿತರು. ಹೊರಗೆ ಇನ್ನೊಂದು ರಾಜ್ಯದವರ ಹಾಡು ಶುರುವಾಗಿತ್ತು. ಡ್ರೈವರು ಇನ್ನೂ ಬಂದಿರಲಿಲ್ಲ. ಕತ್ತಲಾಗುತ್ತ ಬಂದಿದ್ದರೂ ಯಾರೂ ದೀಪ ಹಾಕಲು ಹೇಳಲಿಲ್ಲ.

ಮೊದಲು ಏಕನಾಥಮ್ಮ ಮೊಬೈಲು ತೆಗೆದಳು. ಅವಳ ಮುಖಕ್ಕೆ ಬೆಳಕು ಬಿತ್ತು. "ಹಲೋ. ನಾನೇ ಕಣೆ. ಊಟ ಆಯ್ತಾ? ತಂಗಿ ಎಲ್ಲಿ?" ಎಂದಳು, ಎಂದೂ ಇಲ್ಲದಷ್ಟು ಮೆಲ್ಲಗೆ. ಮುಂದಿನ ಸೀಟಿನಲ್ಲಿ ಇನ್ನೊಂದು ಬೆಳಕು ಹತ್ತಿತು. ಹಿಂದೆ ಒಂದು. ಬಸ್ಸಿನ ತುಂಬ ಸಣ್ಣ ದನಿಗಳು ಎದ್ದವು. ತಲೆ ಬಾಚ್ಕಂಡ್ಯಾ. ಕಾಲೇಜಿಂದ ಎಷ್ಟೊತ್ತಿಗೆ ಬಂದೆ. ಯಾರಾದ್ರೂ ಮನೆ ಹತ್ರ ಬಂದಿದ್ರಾ. ಬಾಗ್ಲು ಹಾಕ್ಕ. ಹೊನ್ನಕ್ಕನೂ ಕಿವಿಗೆ ಹಿಡಿದುಕೊಂಡಿದ್ದಳು. ಆ ಕಡೆ ರಿಂಗಾಗುತ್ತಿತ್ತು. ಬಸ್ಸಿನ ಹೊರಗೆ ಒಬ್ಬ ಮುದುಕ ತನ್ನ ಒಂಟೆಯನ್ನು ಕೂರಿಸಿ, ಅದರ ಮೈಮೇಲಿನ ಅಲಂಕಾರಗಳನ್ನು ಒಂದೊಂದಾಗಿ ಬಿಚ್ಚಿ ಗೋಣಿಯಲ್ಲಿ ತುಂಬುತ್ತಿದ್ದ.